ಚಾಲಗೇಣಿ ಡಾಕ್ಟ್ರು

“ಸಾಯುದಾರೆ ಗದ್ದಿಯಗೇ ಸಾಯ್ಲಿ, ಬೇವರ್ಸಿ! ಗಾಡಿ ಬೇಕಂಬ್ರ್, ಗಾಡಿ! ನಿನ್ ಅಪ್ಪ ಇಟ್ಟ್ ಹೋಯಿದ್ನಾ?”

ಶಾಮರಾಯರು ಜಗಲಿಯ ಮೇಲಿಂದಲೇ ಉಗುಳಿದರು. ಕೆಳಗೆ ಅಂಗಳದಲ್ಲಿ ಗುಲಾಬಿ ಕೈಮುಗಿದು ನಿಂತಿದ್ದಳು. ಅವಳ ಹಿಂದೆ ಗಂಡ ಭೋಜ ಮಣ್ಣಲ್ಲಿ ಬಿದ್ದಿದ್ದ. ಒಡೆಯರ ಗದ್ದೆ ಕೊಯ್ಯುವಾಗಲೇ ಕೊಳಕುಮಂಡಲ ಹಾವು ಕಚ್ಚಿ, ಕಾಲು ಮೊಣಕಾಲಿನವರೆಗೆ ಬಾತು ನೀಲಿಗಟ್ಟಿತ್ತು.

“ಆಸ್ಪತ್ರಿಗೆ ಮುಟ್ಸಿರೆ ಸಾಕಿತ್ತ್, ಒಡ್ಯಾ.”

“ಆಸ್ಪತ್ರಿಯಗೆ ಯಾರ್ ಇದ್ರ್? ದೊಡ್ಡ ಡಾಕ್ಟ್ರ್ ರಜೆ ಹಾಕಿ ಹೋಯ್ರ್. ಈಗ ಇಪ್ಪುದ್ ಚಾಲಗೇಣಿ ಡಾಕ್ಟ್ರ್! ಎಲ್ಲೂ ಗಂಜಿ ಹುಟ್ದೆ ಬಂದವ. ನಿನ್ ಗಂಡನ ಮೈಮೇಲ್ ಸೂಜಿ ಕುತ್ತೂಕ್ ಕಲೀತ. ನಾವುಂದದ ಮದ್ದಿನವನ್ ಕಾಣ್, ಹೋಗ್.”

ಜಗಲಿಯಲ್ಲಿ ಕೂತವರು ನಕ್ಕರು. ಚಾಲಗೇಣಿಯ ಒಕ್ಕಲನ್ನು ಒಡೆಯ ಮನಸ್ಸು ಬಂದಾಗ ಎಬ್ಬಿಸಬಹುದು. ರಜೆಯ ಬದಲಿಗೆ ನಾಲ್ಕು ದಿನಕ್ಕೆಂದು ಬಂದ ಡಾಕ್ಟರಿಗೂ ಊರು ಅದೇ ಹೆಸರಿಟ್ಟಿತ್ತು. ಪರೀಕ್ಷೆಯಲ್ಲಿ ಡುಮ್ಕಿ ಹೊಡೆದವನಂತೆ, ರಕ್ತ ಕಂಡರೆ ತಲೆ ತಿರುಗುತ್ತದಂತೆ, ಊರು ಬಿಡುವ ದಿನವನ್ನೇ ಕಾಯುವವನಂತೆ. ಮೊನ್ನೆ ಕೊಯ್ಲಿನ ಸಾಲಿನಲ್ಲಿ ಈ ಮಾತಿಗೆ ಗುಲಾಬಿಯೂ ಬಿದ್ದು ಬಿದ್ದು ನಕ್ಕಿದ್ದಳು. ಅವಳೂ ಚಾಲಗೇಣಿಯವಳೇ.

ಭೋಜನ ವಸಡಿನಿಂದ ರಕ್ತ ಜಿನುಗತೊಡಗಿತು. ನಾವುಂದದ ನಾಟಿವೈದ್ಯನ ಮನೆ ದೂರ, ಆಸ್ಪತ್ರೆಯೇ ಹತ್ತಿರ. ಮೈದುನ ಚಂದಯ್ಯ ಕಂಬಳಿಯನ್ನು ಬಿದಿರಿಗೆ ಕಟ್ಟಿದ. ನೆರೆಮನೆಯ ಕಿಟ್ಟ ಇನ್ನೊಂದು ತುದಿಗೆ ಹೆಗಲು ಕೊಟ್ಟ. ಆಸ್ಪತ್ರೆಯ ಮೆಟ್ಟಿಲ ಬುಡ ಮುಟ್ಟುವಷ್ಟರಲ್ಲಿ ಕಂಪೌಂಡರ್ ವೈಕುಂಠಯ್ಯ ಅಡ್ಡ ಬಂದ.

“ಹ್ವಾಯ್, ಮೇಲ್ ಹತ್ಬೇಡಿ! ಅಲ್ಲೇ ಅಂಗಳದಗೆ ಇಡಿ.”

ಗುಲಾಬಿಗೆ ಅದು ಹೊಸತಲ್ಲ. ದೊಡ್ಡ ಡಾಕ್ಟರೂ ಇವಳ ಕೇರಿಯವರನ್ನು ಕಿಟಕಿಯಿಂದಲೇ ನೋಡಿ ಮಾತ್ರೆಯ ಪೊಟ್ಟಣ ಎಸೆಯುವವರು. ಆದರೆ ಮೀಸೆ ಸರಿಯಾಗಿ ಮೂಡದ ಈ ಬದಲಿ ಡಾಕ್ಟರು, ಗುಣಪಾಲ, ಮೆಟ್ಟಿಲಿಳಿದು ಬಂದು ಮಣ್ಣಲ್ಲೇ ಮಂಡಿಯೂರಿದ. ಭೋಜನ ಕಾಲನ್ನು ತನ್ನ ತೊಡೆಯ ಮೇಲೆ ಎತ್ತಿಟ್ಟುಕೊಂಡ. ತುಟಿ ಬಿಡಿಸಿ ವಸಡು ನೋಡಿದ.

“ಹಾವಿನ ಇಂಜೆಕ್ಷನ್ ತೆಗೀರಿ, ಬೇಗ.”

ವೈಕುಂಠಯ್ಯ ಕದಲಲಿಲ್ಲ. ಗಾಜಿನ ಬೀರುವಿನ ಬೀಗದಕೈ ಅವನ ಜನಿವಾರದಲ್ಲಿ ನೇತಾಡುತ್ತಿತ್ತು.

“ಅದ್ ಶಾಮರಾಯರ ಮನಿಗೆ ಅಂದೇಳಿ ದೊಡ್ಡ ಡಾಕ್ಟ್ರ್ ಇಟ್ಟದ್. ಇಪ್ಪುದೇ ಅಷ್ಟ್. ನಾಳೆ ಅವ್ರ ಮಕ್ಕಳಿಗ್ ಕಚ್ಚಿರೆ?”

“ಇವನಿಗೆ ಇವತ್ತೇ ಕಚ್ಚಿದೆಯಲ್ಲ! ನಾನು ಹೇಳ್ತಿದ್ದೇನೆ, ತೆಗೀರಿ.”

“ನೀವ್ ಯಾರ್ ಹೇಳೂಕೆ? ಶನಿವಾರ ಗಂಟು ಕಟ್ಟುವವ್ರ್. ನಿಮ್ ಮೇಲ್ ದೊಡ್ಡ ಡಾಕ್ಟ್ರಿಗ್ ಒಂದ್ ಮಾತ್ ಹೇಳಿರೆ, ಮತ್ತೆಲ್ಲೂ ಬದಲಿ ಕೆಲಸವೂ ಹುಟ್ಟುದಿಲ್ಲೆ.”

ಗುಣಪಾಲನ ಎರಡೂ ಕೈ ತಾವಾಗಿಯೇ ಮುಂದೆ ಸೇರಿದವು. ಒಡೆಯರ ಅಂಗಳದಲ್ಲಿ ಭೋಜ ನಿಲ್ಲುವುದು ಹೀಗೆಯೇ. ಅದನ್ನು ಕಂಡದ್ದೇ ಗುಲಾಬಿ ಮಣ್ಣಿಗೆ ಉಗುಳಿದಳು.

“ಥೂ! ಕಲ್ತ್ ಬಂದವ್ರೂ ಹಿಂಗೇ ನಿಂತ್ಕಂಬುದಾ?”

ಯಾವತ್ತೂ ಹತ್ತದ ಮೆಟ್ಟಿಲನ್ನು ಅವಳು ಹತ್ತಿದಳು. ಒಳಗೆ ಮೇಜಿನ ಮೇಲೆ ಮದ್ದು ಅರೆಯುವ ಗುಂಡುಕಲ್ಲು ಇತ್ತು. ಎತ್ತಿದವಳೇ ಬೀರುವಿಗೆ ಅಪ್ಪಳಿಸಿದಳು. ಗಾಜು ಝಲ್ಲೆಂದು ಸುರಿಯಿತು, ಅಂಗೈ ಸೀಳಿತು.

“ಯಾವ್ದ್? ಡಾಕ್ಟ್ರೆ, ಇದ್ರಗೆ ಯಾವ್ದ್, ಹೇಳಿ!”

ಗುಣಪಾಲ ಓಡಿಬಂದ. ಅವಳ ಕೈಯ ಪಕ್ಕದಿಂದಲೇ ತನ್ನ ಕೈ ತೂರಿಸಿ ಬಾಟ್ಲಿ ಎತ್ತಿಕೊಂಡ. ಅಂಗಳಕ್ಕೆ ಓಡಿದ.

ಬೆನ್ನಿಗೇ ಒಳನುಗ್ಗಿದ ವೈಕುಂಠಯ್ಯ ಒಡೆದ ಬೀರು ಕಂಡು ಕಿರುಚಿದ.

“ಮದ್ದಿನ ಬೀರು ಮುಟ್ಟಿದ್ಯಾ, ರಂಡೆ! ಈಗಳೇ ಶಾಮರಾಯರಿಗ್ ಹೇಳ್ತೆ, ಪೋಲೀಸ್ರನ್ ಕರೀತೆ. ನಾಳೆ ನೀ ಒಲಿ ಎಲ್ಲಿ ಹೂಡ್ತೆ ಕಾಂತೆ!”

ಆ ಕೋಣೆಗೆ ಇದ್ದದ್ದು ಒಂದೇ ಬಾಗಿಲು. ಗುಲಾಬಿ ಅವನಿಗಿಂತ ಮೊದಲೇ ಹೋಗಿ ಹೊಸ್ತಿಲ ಮೇಲೆ ಕೂತು, ಬಾಗಿಲ ಚೌಕಟ್ಟಿನ ಒಂದು ಬದಿಗೆ ಬೆನ್ನು ಕೊಟ್ಟು, ಇನ್ನೊಂದಕ್ಕೆ ಕಾಲು ಚಾಚಿದಳು.

“ಏಳ್!”

“ಮುಟ್ಟಿ ಏಳ್ಸಿ, ಅಯ್ಯ.”

ಅವನು ಒಂದು ಕಾಲೆತ್ತಿದ. ಅವಳ ಸೀರೆಯ ಸೆರಗು ತಾಗಿ ಮೈಲಿಗೆಯಾದೀತೆಂದು ಮತ್ತೆ ಇಳಿಸಿದ.

“ಅತ್ಗೇ,” ಅಂಗಳದಿಂದ ಚಂದಯ್ಯನ ದನಿ ಒಡೆಯಿತು, “ಸೂಜಿ ಹಾಕಿರ್. ನೆತ್ರ್ ಮಾತ್ರ ನಿಲ್ಲುದಿಲ್ಲೆ!”

ಗುಲಾಬಿ ತಿರುಗಲಿಲ್ಲ. ತಿರುಗಿದರೆ ಇವನು ಹಾರಿಬಿಡುತ್ತಾನೆ. ಅಂಗೈಯ ರಕ್ತ ಹೊಸ್ತಿಲಿನಿಂದ ಇಳಿದು ಒಳಗೆ ಹರಿಯತೊಡಗಿತು. ವೈಕುಂಠಯ್ಯ ಪಂಚೆ ಎತ್ತಿಕೊಂಡು ಒಂದೊಂದೇ ಹೆಜ್ಜೆ ಹಿಂದೆ ಸರಿದ, ಬೆನ್ನು ಗೋಡೆಗೆ ತಾಗುವವರೆಗೆ.