ಓದಿ ಹೇಳುವವಳು

ಬಚ್ಚಲ ಬಾಗಿಲನ್ನು ಮಗಳು ಭುಜದಿಂದ ನೂಕಿದಳು. ಒಳಗೆ ಯಾರೂ ಇರಲಿಲ್ಲ. ನಲ್ಲಿ ಸುರಿಯುತ್ತಲೇ ಇತ್ತು. ಕನ್ನಡಿಯ ಕೆಳಗೆ ಅಪ್ಪನ ಕ್ಷೌರದ ಬ್ರಷ್ಷು ನೊರೆ ಮೆತ್ತಿಕೊಂಡು ಬಿದ್ದಿತ್ತು.

ನಲ್ಲಿ ನಿಲ್ಲಿಸಿ ಅವಳು ಮಲಗುವ ಕೋಣೆ ನೋಡಿದಳು, ಅಡುಗೆಮನೆ ನೋಡಿದಳು. ಹಿತ್ತಿಲ ಬಾಗಿಲು ಅರ್ಧ ತೆರೆದಿತ್ತು. ಅಪ್ಪನ ಬೂಟು ಇದ್ದಲ್ಲೇ ಇತ್ತು. ಮನೆಯೊಳಗೆ ಹಾಕಿಕೊಳ್ಳುವ ಚಪ್ಪಲಿ ಮಾತ್ರ ಇರಲಿಲ್ಲ.

ನಡುಮನೆಯಲ್ಲಿ ಅಮ್ಮನ ಶವಪೆಟ್ಟಿಗೆ. ಊರಿನ ದೊಡ್ಡ ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಯಲ್ಲಿ ಅಮ್ಮನ ಜೊತೆ ದುಡಿದಿದ್ದ ಹೆಂಗಸರು ಹೊದಿಕೆಯ ಅಂಚನ್ನು ಮತ್ತೆ ಮತ್ತೆ ಎಳೆದು ಸರಿಮಾಡುತ್ತಿದ್ದರು. ಜೀವಮಾನವಿಡೀ ಅಲ್ಲಿ ಪರರ ಹಾಸಿಗೆಬಟ್ಟೆಗೆ ಇಸ್ತ್ರಿ ಹಾಕಿದವಳು ಅಮ್ಮ. ಬೀದಿಯವರಿಗೆಲ್ಲ ಅವಳು ಇಸ್ತ್ರಿ ಅಕ್ಕ.

"ಒಂದು ಸುಕ್ಕು ಕಂಡ್ರೂ ಎದ್ದು ಕೂತು ಬೈತಾಳೆ ಇವಳು," ಎಂದಳು ಒಬ್ಬಳು. ಪಕ್ಕದವಳು ನಗಲು ಹೋಗಿ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು.

ಮಗಳು ತಮ್ಮನ ತೋಳು ಹಿಡಿದು ಅಡುಗೆಮನೆಗೆ ಎಳೆದುಕೊಂಡು ಬಂದಳು. "ಅಪ್ಪ ಇಲ್ಲ ಕಣೋ."

"ಇಲ್ಲ ಅಂದ್ರೆ? ಗಡ್ಡ ಕೆರ್ಕೋತಿದ್ನಲ್ಲ."

"ಹಿಂದಿನ ಬಾಗಿಲಿಂದ ಹೋಗಿದ್ದಾನೆ. ಬೂಟೂ ಹಾಕ್ಕೊಂಡಿಲ್ಲ."

"ಗಾಳಿಗೆ ಹೋಗಿರ್ತಾನೆ ಬಿಡೇ. ಒಳಗೆ ಉಸಿರು ಕಟ್ಟಿರುತ್ತೆ." ಹಾಗೆಂದರೂ ತಮ್ಮನ ಕಣ್ಣು ಗಡಿಯಾರದ ಕಡೆ ಹೋಯಿತು. "ವ್ಯಾನ್ ಇನ್ನೇನು ಬರುತ್ತೆ. ಸ್ಮಶಾನದವರು ನಮ್ಮ ನಂತರ ಇನ್ನೊಬ್ಬರಿಗೆ ಹೊತ್ತು ಕೊಟ್ಟಿದ್ದಾರೆ."

ಅಮ್ಮ ಸತ್ತದ್ದು ಈ ಅಡುಗೆಮನೆಯಲ್ಲೇ, ಒಲೆಯ ಮುಂದೆ. ನೀರು ಕುದಿದು ಆವಿಯಾಗಿ ಪಾತ್ರೆ ಸುಟ್ಟ ವಾಸನೆಗೆ ಪಕ್ಕದ ಮನೆಯವರು ಓಡಿ ಬಂದಾಗ ಅಪ್ಪ ಮೇಜಿನ ಮುಂದೆ ಕೂತಿದ್ದನಂತೆ. "ಚಹಾ ಇನ್ನೂ ಆಗಿಲ್ಲ," ಎಂದನಂತೆ. ಆಘಾತವಾಗಿದೆ ಪಾಪ, ಎಂದುಕೊಂಡಿದ್ದರು ಎಲ್ಲರೂ.

ಲೋಟ ತೊಳೆಯುತ್ತಿದ್ದ ಚಿಕ್ಕಮ್ಮ, ಅಮ್ಮನ ತಂಗಿ, ಕೈ ಒರೆಸಿಕೊಂಡು ತಿರುಗಿದಳು. "ನಿಮ್ಮಮ್ಮ ಭಾವನ್ನ ಒಂದು ಗಳಿಗೆ ಒಂಟಿ ಬಿಡ್ತಿರಲಿಲ್ಲ. ಗಡ್ಡ ಕೆರ್ಕೊಳ್ಳೋವಾಗಲೂ ಬಾಗಿಲಲ್ಲಿ ನಿಂತಿರೋಳು. ಯಾಕೇ ಅಂತ ಕೇಳಿದ್ರೆ, ನನ್ನ ಗಂಡನ ಮುಖ ನೋಡೋಕೆ ನಿನ್ನ ಅಪ್ಪಣೆ ಬೇಕಾ ಅನ್ನೋಳು." ಆಮೇಲೆ ಕೇಳಿದಳು: "ಬೆಳಿಗ್ಗೆ ಆ ಬಿಳಿ ಅಂಗಿ ಯಾರು ಹಾಕಿಸಿದ್ದು?"

"ನಾನೇ. ಕಪಾಟಿನಲ್ಲಿ ಗರಿಗರಿಯಾಗಿದ್ದದ್ದು ಅದೊಂದೇ."

"ಅದು ಅವರು ಮ್ಯೂಸಿಯಂಗೆ ಹೋಗೋ ಅಂಗಿ ಕಣೆ."

*

ಮ್ಯೂಸಿಯಂ ಎಂದರೆ ಆ ಮನೆಯಲ್ಲಿ ಜಗಳದ ವಿಷಯ. ಕೆಲಸದಿಂದ ನಿವೃತ್ತಳಾದ ಮೇಲೆ ಅಮ್ಮನಿಗೆ ಹತ್ತಿದ ಗೀಳು ಅದು. ಬಂದರಿನ ಪಕ್ಕದ ಹಡಗಿನ ಮ್ಯೂಸಿಯಂ, ಚಿಪ್ಪು-ಮೀನುಗಳದ್ದು, ಗುಡ್ಡದ ಮೇಲಿನ ಚಿತ್ರಶಾಲೆ, ಹಳೇ ವ್ಯಾಪಾರಿಯ ಮನೆ ಎಂದು ಅಪ್ಪನನ್ನು ಕರೆದುಕೊಂಡು ಸುತ್ತುವುದೇ ಕೆಲಸ. ನೋಡಿದ್ದನ್ನೇ ನೋಡುವುದು.

ಒಮ್ಮೆ ಮಗುವಿಗೆ ಜ್ವರ ಬಂದಾಗ ಮಗಳು ಫೋನು ಮಾಡಿದ್ದಳು. "ಅಮ್ಮ, ನಾಳೆ ನನಗೆ ರಜೆ ಸಿಗಲ್ಲ. ಬಂದು ನೋಡ್ಕೋತೀಯಾ?"

"ನಾಳೆ ಆಗಲ್ಲ ಕಣೆ. ಮೀನಿನ ಮ್ಯೂಸಿಯಂಗೆ ಹೋಗ್ಬೇಕು."

"ಮೊಮ್ಮಗಳಿಗಿಂತ ಸತ್ತ ಮೀನು ಹೆಚ್ಚಾಯ್ತಾ ನಿನಗೆ?"

"ಸತ್ತ ಮೀನು ಔಷಧಿ ಉಗಿಯಲ್ಲ ನೋಡು," ಎಂದು ಅಮ್ಮ ನಕ್ಕಿದ್ದಳು. ಆ ನಗೆಯ ಹಿಂದೆ ಅಪ್ಪನ ದನಿ ಕೇಳಿಸಿತ್ತು: ಯಾರದು, ಯಾರದು ಫೋನಲ್ಲಿ, ಎಂದು ಬಿಡದೆ ಕೇಳುತ್ತಿದ್ದ. "ಇಡ್ತೀನಮ್ಮ," ಎಂದು ಅಮ್ಮ ಅವಸರವಾಗಿ ಇಟ್ಟುಬಿಟ್ಟಿದ್ದಳು. ಆಮೇಲೆ ಮಗಳು ಬಹಳ ದಿನ ತಾನಾಗಿ ಫೋನು ಮಾಡಿರಲಿಲ್ಲ.

*

ಮಗಳು ಇಳಿಜಾರು ಬೀದಿಯಲ್ಲಿ ಅರ್ಧ ನಡೆದಳು, ಅರ್ಧ ಓಡಿದಳು. ಬೀದಿಯ ತುದಿಗೆ ಕಡಲು. ಹುಟ್ಟಿದಾಗಿನಿಂದ ಕಂಡ ಕಡಲು. ಇವತ್ತು ಅದರ ಕಡೆ ನೋಡಲೂ ಭಯ. ತಡೆಗೋಡೆಯ ಬಳಿ ಜನ ಗುಂಪುಕಟ್ಟಿ ನೀರಿನತ್ತ ಬಾಗಿದ್ದರು. ಅವಳು ಅತ್ತ ಓಡಿದಳು. "ಏನದು? ಯಾರು?" ಎಂದು ಎದುರಿಗಿದ್ದವನ ಬೆನ್ನನ್ನು ಸರಿಸಿ ಇಣುಕಿದಳು. ಯಾರೋ ನೀರಿಗೆ ಬಿದ್ದ ಸೈಕಲ್ಲನ್ನು ಕೊಕ್ಕೆ ಹಾಕಿ ಎತ್ತುತ್ತಿದ್ದರು.

ಹಡಗಿನ ಮ್ಯೂಸಿಯಂನ ಟಿಕೆಟ್ ಕಿಟಕಿಯಲ್ಲಿ ಕನ್ನಡಕದ ಹೆಂಗಸೊಬ್ಬಳು ಕೂತಿದ್ದಳು.

"ಒಬ್ಬ ವಯಸ್ಸಾದವರು ಬಂದ್ರಾ? ಬಿಳಿ ಅಂಗಿ, ಮನೆ ಚಪ್ಪಲಿ, ಒಂದು ಕೆನ್ನೆಯಲ್ಲಿ ಗಡ್ಡ ಹಾಗೇ ಇರಬಹುದು..."

ಆ ಹೆಂಗಸು ಎದ್ದೇ ನಿಂತಳು. "ಇಸ್ತ್ರಿ ಅಕ್ಕನ ಯಜಮಾನ್ರಾ? ಒಬ್ಬರನ್ನೇ ಬಿಟ್ರಾ ಅವರನ್ನ? ಅಕ್ಕ ಎಲ್ಲಿ?"

"ಅಮ್ಮ ತೀರ್ಕೊಂಡ್ಲು. ಇವತ್ತು ಮಣ್ಣು."

ಹೆಂಗಸು ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡಳು. "ನೀವು ಮಗಳು. ಮುಖದಲ್ಲೇ ಗೊತ್ತಾಗುತ್ತೆ. ನಿಮಗೆ ಹೇಳಿಲ್ವಾ ಹಾಗಾದ್ರೆ ಅವರು?"

"ಏನನ್ನ?"

"ಮೊದಮೊದಲೇ ನಮಗೆಲ್ಲ ಹೇಳಿಟ್ಟಿದ್ರು. ಇವರು ಒಬ್ಬರೇ ಬಾಗಿಲ ಹತ್ರ ಬಂದ್ರೆ ಹೊರಗೆ ಬಿಡಬೇಡಿ, ಏನಾದ್ರೂ ಮಾತಾಡಿಸ್ತಾ ಇರಿ, ಬೈಬೇಡಿ, ನೆನಪು ನಿಲ್ಲಲ್ಲ ಅಷ್ಟೇ ಅಂತ."

"ಯಾವಾಗಿಂದ?"

"ವರ್ಷಗಳೇ ಆಯ್ತಲ್ಲಮ್ಮ." ಹೇಳುತ್ತಲೇ ಅವಳು ಫೋನಿನ ಗುಂಡಿ ಒತ್ತುತ್ತಿದ್ದಳು. "ತಡೀರಿ, ಬೇರೆ ಕಡೆ ವಿಚಾರಿಸ್ತೀನಿ. ನಾವೆಲ್ಲ ಒಬ್ಬರಿಗೊಬ್ಬರು ಪರಿಚಯ." ಚಿತ್ರಶಾಲೆಯವರು ಬಂದಿಲ್ಲ ಎಂದರು. ಮೀನಿನ ಮ್ಯೂಸಿಯಂಗೆ ಇವತ್ತು ರಜೆ. ವ್ಯಾಪಾರಿಯ ಮನೆಯಲ್ಲಿ ಫೋನು ಬಡಿದುಕೊಳ್ಳುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

"ಅದು ಕಡಲ ಮೇಲಿನ ಬಂಡೆಯ ಅಂಚಿಗೇ ಇರೋದು," ಎಂದಳು ಹೆಂಗಸು. "ನೀವು ಓಡಿ."

*

ಅಪ್ಪ ಅಮ್ಮ ಮೊದಲ ಸಲ ಆ ಹಡಗಿನ ಮ್ಯೂಸಿಯಂ ಹೊಕ್ಕದ್ದು ಬಿಸಿಲು ತಾಳಲಾರದೆ. ಅದಕ್ಕೂ ಮುಂಚಿನ ದಿನಗಳಲ್ಲಿ ಮನೆಯಲ್ಲಿ ಒಂದೊಂದೇ ವಸ್ತುವಿನ ಹೆಸರು ಕಳೆದುಹೋಗುತ್ತಿತ್ತು. ಬಾಚಣಿಗೆ ಹಿಡಿದು ಇದೇನು ಎಂದು ಕೇಳಿ, ಅಮ್ಮನ ಮುಖ ಕಂಡ ಕೂಡಲೇ ಅಪ್ಪ ನಾಚಿ ಹಿಡಿಯಾಗುತ್ತಿದ್ದ. ಅಂಗಡಿಗೆ ಹೋಗುವುದು ಬಿಟ್ಟ, ಗೆಳೆಯರನ್ನು ಬಿಟ್ಟ. ಮಕ್ಕಳು ಬರುತ್ತಾರೆಂದರೆ ಹಿಂದಿನ ದಿನದಿಂದಲೇ ಬೆವರುತ್ತಿದ್ದ. ಅವನ ಅಣ್ಣನಿಗೂ ಹೀಗೇ ಆಗಿ, ಅಣ್ಣನ ಮಕ್ಕಳೇ ಅವನನ್ನು ಆರೈಕೆ ಕೇಂದ್ರಕ್ಕೆ ಸೇರಿಸಿ ಬಂದದ್ದನ್ನು ಇಬ್ಬರೂ ನೋಡಿದ್ದರು. "ಹೇಳಬೇಡ ಕಣೆ ನಮ್ಮ ಮಕ್ಕಳಿಗೆ," ಎಂದು ಅವಳ ಕೈ ಹಿಡಿದುಕೊಂಡಿದ್ದ. ಅವಳು ಹೇಳಲಿಲ್ಲ.

ಮ್ಯೂಸಿಯಂನ ತಂಪಿನಲ್ಲಿ, ಗಾಜಿನೊಳಗಿದ್ದ ಹಿತ್ತಾಳೆಯ ಸಾಧನವೊಂದರ ಮುಂದೆ ಅವನು ನಿಂತ. "ಇದೇನಿದು?" ಎಂದ, ಜೋರಾಗಿಯೇ. ಅಮ್ಮ ಅವಸರವಾಗಿ ಅವನ ತೋಳು ಹಿಡಿದಳು. ಆಚೆ ನಿಂತಿದ್ದ ಕೋಟಿನ ಗಂಡಸು ತಿರುಗಿದ. "ನಾನೂ ಅದನ್ನೇ ಯೋಚಿಸ್ತಾ ಇದ್ದೆ ಸ್ವಾಮಿ. ತಲೆಬುಡ ತಿಳೀತಿಲ್ಲ," ಎಂದ.

ಅಪ್ಪ ಅವನ ಮುಖ ನೋಡಿದ. ಆಮೇಲೆ ಗಟ್ಟಿಯಾಗಿ ನಕ್ಕ. ಎಷ್ಟೋ ತಿಂಗಳ ಮೇಲೆ ಕೇಳಿದ ನಗೆ. ಅಮ್ಮ ಬಾಗಿ, ಕೆಳಗಿದ್ದ ಫಲಕವನ್ನು ಇಬ್ಬರಿಗೂ ಓದಿ ಹೇಳಿದಳು. ಸುತ್ತ ಎಲ್ಲರೂ ಹಾಗೇ ಮಾಡುತ್ತಿದ್ದರು: ಬಾಯಿ ತೆರೆದು ನಿಲ್ಲುವುದು, ಇದೇನೆಂದು ಕೇಳುವುದು, ಓದುವುದು, ಬಾಣದ ಗುರುತು ಹಿಡಿದು ಮುಂದಕ್ಕೆ ಹೋಗುವುದು, ಮರೆಯುವುದು. ಹೊರಗೆ ಬಂದಾಗ ಅಪ್ಪ ಕೇಳಿದ, "ನಾಳೆ ಬರೋಣವಾ?"

*

ವ್ಯಾಪಾರಿಯ ಮನೆಯ ಮುಂಬಾಗಿಲಲ್ಲಿ ಯಾರೂ ಇರಲಿಲ್ಲ. ಮಗಳ ಚೀಲದಲ್ಲಿ ಫೋನು ಗುಂಯ್‌ಗುಟ್ಟುತ್ತಿತ್ತು. ತಮ್ಮ. "ವ್ಯಾನ್ ಬಂದು ನಿಂತಿದೆ ಕಣೇ. ಏನು ಮಾಡ್ಲಿ?"

"ಕಾಯೋಕೆ ಹೇಳು," ಎಂದಷ್ಟೇ ಹೇಳಿ ಒಳಗೆ ಓಡಿದಳು.

ಊಟದ ಕೋಣೆಯಲ್ಲಿ, ಕೆಂಪು ಹಗ್ಗದ ಆಚೆ, ಹಳೆಯ ತಟ್ಟೆ ಬಟ್ಟಲುಗಳನ್ನು ಜೋಡಿಸಿಟ್ಟ ಉದ್ದ ಮೇಜಿನ ತುದಿಯಲ್ಲಿ ಅಪ್ಪ ಕೂತಿದ್ದ. ಒಂದು ಕೆನ್ನೆಯಲ್ಲಿ ನೊರೆ ಒಣಗಿತ್ತು. ಪಕ್ಕದಲ್ಲಿ ಕಾವಲುಗಾರ ಕೈಕಟ್ಟಿ ನಿಂತಿದ್ದ. ಅವಳನ್ನು ಕಂಡು ಪಿಸುಗುಟ್ಟಿದ: "ಫೋನು ಕೇಳಿಸ್ತು ಅಮ್ಮ. ಬಿಟ್ಟು ಹೋಗೋಕೆ ಧೈರ್ಯ ಬರಲಿಲ್ಲ. ಎಬ್ಬಿಸಿದ್ರೆ ನಡುಗ್ತಾರೆ."

ಮಗಳು ಹಗ್ಗ ದಾಟಿ ಅಪ್ಪನ ಪಕ್ಕ ಮಂಡಿಯೂರಿದಳು. "ಅಪ್ಪ, ಮನೆಗೆ ಹೋಗೋಣ."

"ಅವಳು ಮುಂದಿನ ಕೋಣೆಗೆ ಹೋಗಿಬಿಟ್ಲು. ನನ್ನನ್ನ ಬಿಟ್ಟು."

"ಅಪ್ಪ." ಅವಳು ಅವನ ತೋಳು ಮುಟ್ಟಿದಳು. "ಅಮ್ಮ ತೀರ್ಕೊಂಡ್ಲು ಅಪ್ಪ."

ಅವನು ಮೇಜಿನ ಮೇಲಿನ ಬೆರಳುಗಳನ್ನು ನೋಡಿಕೊಂಡ. "ಯಾರೋ ಹೇಳಿದ್ರು ಬೆಳಿಗ್ಗೆ. ಹಿಡ್ಕೊಳ್ಳೋಕೆ ನೋಡ್ದೆ. ನಿಲ್ಲಲಿಲ್ಲ."

ಅವಳು ಅವನ ಮೊಣಕಾಲಿಗೆ ಹಣೆ ಒತ್ತಿದಳು. ಅವನು ತಡವರಿಸುತ್ತ ಅವಳ ತಲೆ ಮುಟ್ಟಿದ, ಗುರುತು ಹಚ್ಚುವವನ ಹಾಗೆ. ಆಮೇಲೆ ಎದುರಿನ ಫಲಕ ತೋರಿಸಿದ. "ಅದನ್ನ ಓದಲಿಲ್ಲ ಇನ್ನೂ. ಓದದೆ ಹೋಗಬಾರದು."

ಫೋನು ಮತ್ತೆ ಗುಂಯ್ ಎಂದಿತು. ಅವಳು ತೆಗೆಯಲಿಲ್ಲ. ಫಲಕದ ಮೇಲಿನ ಸಣ್ಣ ಅಕ್ಷರಗಳನ್ನು, ತಟ್ಟೆಗಳು ಯಾವ ಮಣ್ಣಿನವು, ಯಾರು ಉಂಡರು ಎಂಬುದನ್ನೆಲ್ಲ, ಒದ್ದೆ ದನಿಯಲ್ಲಿ ಕೊನೆಯವರೆಗೂ ಓದಿದಳು. ಅವನು ತಲೆಯಾಡಿಸುತ್ತ ಕೇಳಿದ. "ಸರಿ," ಎಂದು ಎದ್ದ.

ತಮ್ಮನಿಗೆ ಫೋನು ಮಾಡಿ ಅವಳು ಹೇಳಿದಳು: "ಅಪ್ಪ ಸಿಕ್ಕ. ವ್ಯಾನನ್ನ ವ್ಯಾಪಾರಿ ಮನೆ ಕಡೆಯಿಂದಲೇ ತರಿಸು. ನಾವು ಬಾಗಿಲಲ್ಲಿ ನಿಂತಿರ್ತೀವಿ."

*

ಸ್ಮಶಾನದಲ್ಲಿ ಮುಂದಿನವರು ಆಗಲೇ ಗೇಟಿನ ಬಳಿ ಕಾಯುತ್ತಿದ್ದರು. ಮಗಳು ಅಪ್ಪನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಿದ್ದಳು. ಜನರ ನಡುವೆ ಎಲ್ಲಿ ಮತ್ತೆ ನುಸುಳಿಹೋಗುತ್ತಾನೋ ಎಂದು ಕಣ್ಣು ತೆಗೆಯಲಿಲ್ಲ. ಚಿಕ್ಕಮ್ಮ ಇನ್ನೊಂದು ಪಕ್ಕ ನಿಂತು ಕರವಸ್ತ್ರ ಒದ್ದೆ ಮಾಡಿ ಅವನ ಕೆನ್ನೆಯ ನೊರೆ ಒರೆಸಿದಳು.

ಕೆಲಸದವರು ಪೆಟ್ಟಿಗೆಯ ಅಡಿಗೆ ಹಗ್ಗ ಹಾಕಿ ಎತ್ತಿದರು. ಅವಸರದಲ್ಲಿದ್ದರು. ಒಂದು ಬದಿ ತಗ್ಗಿ ಪೆಟ್ಟಿಗೆ ವಾಲಿತು. ಲಾಂಡ್ರಿಯ ಹೆಂಗಸೊಬ್ಬಳು ಚೀರಿದಳು.

"ಒಳಗೆ ಏನಿದೆ?" ಎಂದು ಅಪ್ಪ ಕೇಳಿದ.

ತಮ್ಮ ಮುಖ ತಿರುಗಿಸಿದ. ಮಗಳೇ ಹೇಳಿದಳು. "ಅಮ್ಮ."

"ಹಾಗಾದ್ರೆ ಹೀಗೆ ಇಳಿಸಬಾರದು."

ಅವನು ಕೈ ಬಿಡಿಸಿಕೊಂಡ. ಅವಳು ತಡೆಯಲು ಹೋದಳು, ತಡೆಯಲಿಲ್ಲ. ಬಂದರಿನಲ್ಲಿ ಕ್ರೇನಿನವನಿಗೆ ಕೆಳಗೆ ನಿಂತು ಸನ್ನೆ ಮಾಡುವ ಕೆಲಸದಲ್ಲೇ ಪ್ರಾಯ ಕಳೆದವನು ಅವನು. ಗುಂಡಿಯ ಅಂಚಿಗೆ ಹೋಗಿ, ಎರಡೂ ಕಾಲು ಅಗಲಿಸಿ ಊರಿ, ಕೈ ಎತ್ತಿದ. ಕೆಲಸದವರು ಒಬ್ಬರ ಮುಖ ಒಬ್ಬರು ನೋಡಿ ನಿಂತರು. ಎಡಗೈಯನ್ನು ಸ್ವಲ್ಪ ಮೇಲೆತ್ತಿದ. ವಾಲಿದ ಬದಿ ಮೇಲೆ ಬಂತು. ಅಂಗೈ ಕೆಳಮುಖ ಮಾಡಿ ಬೆರಳುಗಳನ್ನು ಮೆಲ್ಲಗೆ ಆಡಿಸಿದ. ಪೆಟ್ಟಿಗೆ ಅಷ್ಟೇ ಮೆಲ್ಲಗೆ ಇಳಿಯಿತು. ಗೇಟಿನ ಬಳಿಯವರೂ ಇತ್ತ ತಿರುಗಿ ನೋಡುತ್ತಿದ್ದರು.

ಪೆಟ್ಟಿಗೆ ಸದ್ದಿಲ್ಲದೆ ಮಣ್ಣು ಮುಟ್ಟಿತು. ಅಪ್ಪ ಮುಷ್ಟಿ ಬಿಗಿದು ಮೇಲೆತ್ತಿದ: ನಿಲ್ಲಿ ಎಂಬ ಸನ್ನೆ. ಕೆಲಸದವರು ಹಗ್ಗ ಎಳೆದುಕೊಂಡು ಹಿಂದೆ ಸರಿದರು, ಸಲಿಕೆ ಕೈಗೆತ್ತಿಕೊಂಡರು, ಅವನ ಕಡೆ ನೋಡಿ ಕಾದು ನಿಂತರು. ಅವನ ಮುಷ್ಟಿ ಹಾಗೇ ಮೇಲಿತ್ತು.