ಕೊನೆಯ ಮೀಟರು

“ಮೂರು ಸಾವಿರಾನೋ, ನಾಲ್ಕೋ, ಆರೂವರೆಯೋ?” ಎಂದು ಅಂಗಡಿಯವನು ಮೂರನೆಯ ಸಲ ಕೇಳುವ ಹೊತ್ತಿಗೆ ಕೊಳ್ಳಲು ಬಂದವನ ಕೈ ಪ್ಯಾಂಟಿನ ಜೇಬಿನೊಳಗೆ ಮುಷ್ಟಿ ಕಟ್ಟಿಕೊಂಡಿತ್ತು.

ಕೇಳಿದ್ದು ಬೆಲೆಯನ್ನಲ್ಲ, ಬೆಳಕಿನ ಬಣ್ಣವನ್ನು, ಕೆಲ್ವಿನ್ ಲೆಕ್ಕದಲ್ಲಿ. ಗಾಜಿನ ಮೇಜಿನ ಮೇಲೆ ಮೂರು ಎಲ್‌ಇಡಿ ಪಟ್ಟಿಗಳು ಉರಿಯುತ್ತ ಬಿದ್ದಿದ್ದವು. ಒಂದು ಹಳದಿ, ಒಂದು ಹಾಲುಬಿಳಿ, ಇನ್ನೊಂದು ಆಪರೇಷನ್ ಕೋಣೆಯ ನೀಲಿಬಿಳಿ.

“ಇದು ವಾರ್ಮು ಸಾರ್. ಇದು ಕೂಲು.”

“ತಪ್ಪು,” ಎಂದ ಅವನು. “ಕಬ್ಬಿಣ ಕಾಯಿಸಿದ್ರೆ ಮೊದಲು ಕೆಂಪಗಾಗುತ್ತೆ. ಆಮೇಲೆ ಹಳದಿ. ಇನ್ನೂ ಕಾದ್ರೆ ಬಿಳಿ. ಆರೂವರೆ ಸಾವಿರ ಅಂದ್ರೆ ಮೂರರಲ್ಲೂ ಹೆಚ್ಚು ಬಿಸಿ. ಅದನ್ನ ಹಿಡ್ಕೊಂಡು ನೀವು ಕೂಲ್ ಅಂತೀರಿ.”

“ಗಿರಾಕಿಗಳು ಹಾಗೇ ಕೇಳ್ತಾರೆ ಸಾರ್.”

“ರೀ, ಪಾಠ ಆಮೇಲೆ,” ಹೆಂಡತಿ ಫೋನಿನಿಂದ ಕಣ್ಣೆತ್ತಲಿಲ್ಲ. “ಆರು ಗಂಟೆಗೆ ನಮ್ಮ ಆಫೀಸಿನೋರು ಹೊಸ ಮನೆ ನೋಡೋಕೆ ಬರ್ತಾರೆ. ಅಷ್ಟರೊಳಗೆ ಹಾಕಿಸಿ ಆಗ್ಬೇಕು.”

ಅಂಗಡಿಯವನು ಸೌಜನ್ಯಕ್ಕೆ ನಕ್ಕ. ಆ ನಗುವನ್ನು ನೋಡುತ್ತಿದ್ದಂತೆಯೇ ಅವನ ಕಣ್ಣೆದುರು ಒಂದು ಚಿತ್ರ ಬಂತು: ಅಂಗಡಿಯವನ ಮುಖ ಗಾಜಿನ ಮೇಜನ್ನು ಒಡೆದುಕೊಂಡು ಒಳಗೆ ಹೋಗುತ್ತಿದೆ, ತಲೆಯ ಹಿಂದೆ ಒತ್ತಿ ಹಿಡಿದಿರುವ ಕೈ ತನ್ನದು. ಚೂರುಗಳನ್ನು ಎಣಿಸಬಹುದಾದಷ್ಟು ಚಿತ್ರ ಸ್ಪಷ್ಟವಾಗಿತ್ತು.

“ಮೂರು ಸಾವಿರದ್ದೇ ಕೊಡಿ,” ಎಂದು ಅವನು ಮುಗುಳ್ನಕ್ಕ.

ಒಂದೆರಡು ವರ್ಷಗಳಿಂದ ಇಂಥ ಚಿತ್ರಗಳು ಬರುತ್ತಿದ್ದವು. ಬಸ್ಸಿನಲ್ಲಿ, ಸ್ಟಾಫ್‌ರೂಮಿನಲ್ಲಿ, ಬೆಳಿಗ್ಗೆ ಹಲ್ಲುಜ್ಜುವಾಗ. ಬಂದಷ್ಟೇ ಸದ್ದಿಲ್ಲದೆ ಹೋಗುತ್ತಿದ್ದವು. ಇರುವೆಯನ್ನೂ ತುಳಿಯದ ಮನುಷ್ಯ ಎಂದು ಜನ ಅವನ ಬಗ್ಗೆ ಹೇಳುವಾಗ ಅವನೂ ಬೇರೆ ಯಾರದೋ ವಿಷಯವೆಂಬಂತೆ ತಲೆದೂಗುತ್ತಿದ್ದ.

“ಹನ್ನೆರಡು ವೋಲ್ಟಾ, ಇಪ್ಪತ್ನಾಲ್ಕಾ?”

“ಹನ್ನೆರಡು.” ಕಡಿಮೆ ಇದ್ದಷ್ಟೂ ಕ್ಷೇಮ.

ಅಂಗಡಿಯವನು ಏನೋ ಹೇಳಲು ಬಾಯಿ ತೆರೆದ. ಈಗಷ್ಟೇ ಕೇಳಿದ ಪಾಠ ನೆನಪಾಯಿತೋ ಏನೋ, ಮುಚ್ಚಿಕೊಂಡ.

ಲೈಟಿನವನು ಹೊಸ ಫ್ಲ್ಯಾಟಿನ ಬಾಗಿಲಲ್ಲಿ ಏಣಿ ಒರಗಿಸಿಕೊಂಡು ಕಾಯುತ್ತಿದ್ದ. ಮನೆಯ ಯಜಮಾನನಷ್ಟೇ ವಯಸ್ಸು, ನರೆತ ಮೀಸೆ, ಜಾರದ ಹಾಗೆ ದಾರ ಕಟ್ಟಿ ಕೊರಳಿಗೆ ಹಾಕಿಕೊಂಡ ಕನ್ನಡಕ. ಚಪ್ಪಲಿ ಹೊರಗೆ ಬಿಟ್ಟು ಬಂದು ಹಾಲಿನ ನಾಲ್ಕು ಗೋಡೆಗಳನ್ನೂ ಸೂರನ್ನೂ ಒಂದು ಸುತ್ತು ನೋಡಿದ. ಆಮೇಲೆ ದೀಪದ ಸುರುಳಿ ಬಿಚ್ಚಿ ಮೇಲಿನ ಅಚ್ಚು ಓದಿದ.

“ಹನ್ನೆರಡರದ್ದು ತಂದಿದೀರಲ್ಲ ಸಾರ್. ಇಲ್ಲಿ ಹತ್ತು ಮೀಟರು ಒಂದೇ ಓಟ. ಕೊನೆಗೆ ಹೋಗೋಷ್ಟರಲ್ಲಿ ಬೆಳಕಿಗೆ ಸುಸ್ತಾಗುತ್ತೆ.”

“ಬೆಳಕಿಗೆ ಸುಸ್ತಾಗಲ್ಲ. ಸೆಕೆಂಡಿಗೆ ಮೂರು ಲಕ್ಷ ಕಿಲೋಮೀಟರು ಹೋಗುತ್ತೆ ಅದು.”

“ಹೋಗುತ್ತೆ ಸಾರ್, ಇಲ್ಲ ಅನ್ನಲ್ಲ. ಈ ಪಟ್ಟೀಲಿ ಹತ್ತು ಮೀಟರು ಹೋಗಲ್ಲ.”

“ನೀನು ಹಾಕಪ್ಪ,” ಎಂದ ಅವನು.

ಇಪ್ಪತ್ತೆರಡು ವರ್ಷಗಳಿಂದ ಅವನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ. ಬೆಳಕಿನ ಪಾಠಕ್ಕೆ ಮೊದಲು ಕಿಟಕಿಗಳನ್ನೆಲ್ಲ ಮುಚ್ಚಿಸುತ್ತಿದ್ದುದರಿಂದ ಹುಡುಗರು ಅವನಿಗೆ ‘ಕತ್ತಲೆ ಮೇಷ್ಟ್ರು’ ಎಂದು ಹೆಸರಿಟ್ಟಿದ್ದರು. ಅದು ಅವನಿಗೆ ಗೊತ್ತಿತ್ತು. ಗೊತ್ತಿದೆ ಎಂದು ಹುಡುಗರಿಗೂ ಗೊತ್ತಿತ್ತು. ಅವನು ಯಾರ ಮೇಲೂ ಒಂದು ಸೀಮೆಸುಣ್ಣದ ತುಂಡನ್ನೂ ಎಸೆದವನಲ್ಲ.

ಮೂಲೆಯ ಕುರ್ಚಿಯಲ್ಲಿ ಕುಳಿತು ಉತ್ತರಪತ್ರಿಕೆ ತಿದ್ದತೊಡಗಿದ. ಡ್ರಿಲ್ಲಿನ ಮೊನೆ ಸೂರಿಗೆ ಇಳಿದಾಗಲೆಲ್ಲ ಅದು ತನ್ನ ಹಲ್ಲಿನ ಬೇರಿಗೆ ಇಳಿದಂತಾಗುತ್ತಿತ್ತು. ಬಿಳಿ ಪುಡಿ ಪತ್ರಿಕೆಗಳ ಮೇಲೆ, ಕೆಂಪು ಶಾಯಿಯ ಮೇಲೆ ಉದುರುತ್ತಿತ್ತು. ಮೀಟರು ಉದ್ದದ ಅಲ್ಯೂಮಿನಿಯಂ ಪಟ್ಟಿಗಳನ್ನು ಒಂದರ ಬಾಲಕ್ಕೆ ಒಂದು ಸೇರಿಸಿ, ಅದರ ಕಾಲುವೆಯೊಳಗೆ ದೀಪದ ಪಟ್ಟಿ ಕೂರಿಸುತ್ತ ಲೈಟಿನವನು ಗೋಡೆಯಿಂದ ಗೋಡೆಗೆ ಸರಿಯುತ್ತಿದ್ದ. ಹೆಂಡತಿ ಕೆಳಗೆ ನಿಂತು ಒಂದೊಂದೇ ಪಟ್ಟಿ ಎತ್ತಿ ಕೊಡುತ್ತಿದ್ದಳು. ಇಬ್ಬರೂ ಮಾತಾಡುತ್ತಿದ್ದರು. ಕ್ಲಿಪ್ಪಿನ ವಿಷಯ, ಲೈಟಿನವನ ಮಗಳ ನರ್ಸಿಂಗ್ ಸೀಟಿನ ವಿಷಯ, ಅವಳ ಮಂಡಿನೋವಿನ ವಿಷಯ.

ಹೆಂಡತಿಗೆ ಮಂಡಿನೋವಿದೆ ಎಂದು ಅವನಿಗೆ ಆಗಲೇ ಗೊತ್ತಾದದ್ದು.

ಎರಡು ಗಂಟೆಗೆ ಒಂಬತ್ತು ಅಲ್ಯೂಮಿನಿಯಂ ಪಟ್ಟಿ ಮೇಲೇರಿದ್ದವು. ಹತ್ತನೆಯದು ಗೋಡೆಗೆ ಒರಗಿತ್ತು. ಅದರೊಳಗೆ ಕೂರಬೇಕಾದ ದೀಪದ ತುದಿ ಬಾಗಿಲೆದುರಿನ ಸೋಫಾದ ಮೇಲೆ ಜೋತಾಡುತ್ತಿತ್ತು.

“ಫೋನಲ್ಲಿ ಹಚ್ಚಿ ನೋಡಿ ಮೇಡಂ.”

ಹೆಂಡತಿ ಫೋನಿನ ಮೇಲೆ ಬೆರಳು ಸವರಿದಳು. ಅಡುಗೆಮನೆಯ ಬಾಗಿಲ ಮೇಲೆ ಬೆಳಕು ಜಗ್ಗನೆ ಹೊತ್ತಿ ಗೋಡೆಗುಂಟ ಓಡಿತು. ಮೊದಲ ಗೋಡೆಯಲ್ಲಿ ಬಂಗಾರ. ಎರಡನೆಯದರಲ್ಲಿ ಹಿತ್ತಾಳೆ. ಸೋಫಾದ ಮೇಲೆ ಜೋತಾಡುವ ತುದಿಯಲ್ಲಿ ಕಾಮಾಲೆಯವರ ಕಣ್ಣು.

ಮೂವರೂ ಆ ತುದಿಯನ್ನೇ ನೋಡಿದರು.

ಅವನಿಗೆ ತಕ್ಷಣ ತಿಳಿಯಿತು. ತೆಳು ತಾಮ್ರ, ಉದ್ದದ ದಾರಿ, ದಾರಿಯುದ್ದಕ್ಕೂ ಸೋರುವ ವೋಲ್ಟೇಜು. ವರ್ಷಕ್ಕೊಂದು ಸಲ, ಇಪ್ಪತ್ತೆರಡು ಸಲ, ಇದನ್ನು ಬೋರ್ಡಿನ ಮೇಲೆ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದ.

“ಯಾಕೆ ಹೀಗಾಯ್ತು?” ಎಂದಳು ಹೆಂಡತಿ. ಕೇಳಿದ್ದು ಲೈಟಿನವನನ್ನು.

“ನಲ್ಲಿ ನೀರಿದ್ದಂಗೆ ಮೇಡಂ. ಪೈಪು ಸಣ್ಣದು, ದೂರ ಜಾಸ್ತಿ. ಕೊನೇ ಮನೆಗೆ ಹೋಗೋಷ್ಟರಲ್ಲಿ ತೊಟ್ಟಿಕ್ಕುತ್ತೆ. ಆ ಕಡೆಯಿಂದಾನೂ ಒಂದು ವೈರು ಎಳೆದು ಕರೆಂಟು ಕೊಟ್ರೆ ಸರಿಹೋಗುತ್ತೆ.”

“ಓ, ಹಾಗಾ!”

ಅವಳಿಗೆ ಅರ್ಥವಾಗಿತ್ತು. ತರಗತಿಯಲ್ಲಿ ಅವನೂ ಇದೇ ನಲ್ಲಿ ನೀರಿನ ಉದಾಹರಣೆ ಕೊಡುತ್ತಿದ್ದ. ಯಾರೂ ಹೀಗೆ ‘ಓ’ ಎಂದದ್ದಿಲ್ಲ.

“ಸಾರ್ ಕಾಲೇಜಲ್ಲಿ ಏನು ಹೇಳಿಕೊಡ್ತಾರೆ ಮೇಡಂ?”

“ಇದನ್ನೇ,” ಎಂದಳು ಹೆಂಡತಿ.

ಹೇಳಿದವಳೇ ಕಿಸಕ್ಕೆಂದು ನಕ್ಕಳು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಬಹಳ ದಿನಗಳ ಮೇಲೆ ಅವಳು ಮನಸಾರೆ ನಕ್ಕಿದ್ದಳು. ಲೈಟಿನವನಿಗೂ ನಗು ತಡೆಯಲಿಲ್ಲ. ಮನೆಯ ಯಜಮಾನನ ಎದುರು ನಗಬಾರದೆಂದು ಅವನು ಮರ್ಯಾದೆಯಿಂದ ಗೋಡೆಯ ಕಡೆ ತಿರುಗಿಕೊಂಡ. ಬೆನ್ನು ಕುಲುಕುತ್ತಿತ್ತು.

ಕುರ್ಚಿಯಿಂದ ಎದ್ದದ್ದು ಅವನಿಗೆ ನೆನಪಿಲ್ಲ. ಹತ್ತನೆಯ ಪಟ್ಟಿ ಕೈಗೆ ಹೇಗೆ ಬಂತೋ ಅದೂ ಇಲ್ಲ. ಕುರ್ಚಿ ಉರುಳಿದ ಸದ್ದಿಗೆ ಲೈಟಿನವನು ತಿರುಗಿದ. ಪಟ್ಟಿಯ ಅಂಚು ಅವನ ಹುಬ್ಬಿನ ಮೇಲೆ ಬಿತ್ತು. ಪಾತ್ರೆಯ ಮುಚ್ಚಳ ಬಿದ್ದಂಥ ಸದ್ದು, ಅಷ್ಟೆ.

ಮೊದಲನೆಯ ಏಟನ್ನು ಸಿಟ್ಟಿನ ಲೆಕ್ಕಕ್ಕೆ ಹಾಕಬಹುದು. ಎರಡನೆಯದನ್ನು ಅವನು ನೋಡಿ ಹೊಡೆದ. ಭುಜವೋ ಕತ್ತೋ ಎಂದು ಆರಿಸುವಷ್ಟು ವೇಳೆ ಇತ್ತು. ಭುಜವನ್ನು ಆರಿಸಿದ. ಆ ಹೊತ್ತಿನಲ್ಲಿ ಕೋಣೆಯ ಪ್ರತಿಯೊಂದು ವಸ್ತುವೂ ತನ್ನ ತನ್ನ ಅಂಚಿನೊಳಗೆ ಗಟ್ಟಿಯಾಗಿ ನಿಂತಿತ್ತು: ಏಣಿ, ತಿರುಪಿನ ಡಬ್ಬಿ, ಅವಳ ತೆರೆದ ಬಾಯಿ. ಎಷ್ಟೋ ವರ್ಷಗಳ ಮೇಲೆ ಯಾರೋ ತನ್ನ ಕಣ್ಣಿನ ಗಾಜು ಒರೆಸಿದ ಹಾಗೆ.

ಲೈಟಿನವನು ಗೋಡೆಗುಂಟ ಜಾರಿ ಕುಳಿತ. ಬೆರಳುಗಳ ಸಂದಿಯಿಂದ ರಕ್ತ ಮೀಸೆಗಿಳಿಯಿತು. ಕನ್ನಡಕ ದಾರದಲ್ಲಿ ನೇತಾಡುತ್ತಿತ್ತು.

“ಅಯ್ಯಯ್ಯೋ, ಮೇಲಿಂದ ಬಿತ್ತಲ್ಲ!” ಎಂದಳು ಹೆಂಡತಿ.

ಅವನು ಅವಳನ್ನು ನೋಡಿದ. ಪಟ್ಟಿ ಇನ್ನೂ ಅವನ ಕೈಯಲ್ಲೇ ಇತ್ತು, ನಡುವೆ ಸ್ವಲ್ಪ ಡೊಂಕಾಗಿ.

“ಬಿದ್ದದ್ದಲ್ಲ. ನಾನು ಹೊಡೆದೆ.”

“ನೀವು ಸುಮ್ನಿರಿ. ಹೋಗಿ ಟವೆಲ್ ತನ್ನಿ.” ಅವಳು ಆಗಲೇ ನೆಲದ ಮೇಲೆ, ನೋಯುವ ಮಂಡಿ ಊರಿ ಕುಳಿತಿದ್ದಳು. “ಕ್ಲಿಪ್ಪು ಸರಿಯಾಗಿ ಕೂತಿರ್ಲಿಲ್ಲ ಅನ್ಸುತ್ತೆ. ಅಲ್ವೇನಪ್ಪಾ?”

ಲೈಟಿನವನು ಕಾಣುವ ಒಂದು ಕಣ್ಣಿನಿಂದ ಅವಳನ್ನು ನೋಡಿದ, ಅವನನ್ನು ನೋಡಿದ, ಅವನ ಕೈಯ ಪಟ್ಟಿಯನ್ನು ನೋಡಿದ. ಲೆಕ್ಕ ಹಾಕಲು ಅವನಿಗೆ ಬಹಳ ಹೊತ್ತು ಹಿಡಿಯಲಿಲ್ಲ.

“ಹೂಂ ಮೇಡಂ. ಕ್ಲಿಪ್ಪು.”

ಅಲ್ಲಿಗೆ ಮುಗಿಯಿತು. ತಪ್ಪು ಕೂಡ ಪೆಟ್ಟು ತಿಂದವನದೇ ಎಂದಾಯಿತು. ಹೊಡೆದವನು ಬಚ್ಚಲಿಗೆ ಹೋಗಿ ಟವೆಲ್ ತಂದ. ಹುಟ್ಟಿದಾರಭ್ಯ ಅವನು ಸ್ವಂತ ಕೈಯಿಂದ ಮಾಡಿದ್ದು ಅದೊಂದೇ ಎಂದು ಅನಿಸುತ್ತಿದ್ದಾಗಲೇ ಅದನ್ನೂ ಇಬ್ಬರೂ ಸೇರಿ ಅವನಿಂದ ಕಿತ್ತುಕೊಂಡಿದ್ದರು. ಬೈದಿದ್ದರೆ, ಪೊಲೀಸರನ್ನು ಕರೆದಿದ್ದರೆ, ಎದ್ದು ನಿಂತು ಕೆನ್ನೆಗೆ ಬಾರಿಸಿದ್ದರೆ ಹಗುರಾಗುತ್ತಿತ್ತು. ಯಾರೂ ಏನೂ ಮಾಡಲಿಲ್ಲ. ಟವೆಲ್ ಚೆನ್ನಾಗಿ ಬಿಗಿದು ಕಟ್ಟಿದರು.

ಲೈಟಿನವನು ನೀರು ಕುಡಿದು ಎದ್ದ. ಅರ್ಧಕ್ಕೆ ಬಿಟ್ಟು ಹೋಗುವುದಿಲ್ಲ ಎಂದ. ಹೆಂಡತಿ ಒಂದೆರಡು ಸಲ ಬೇಡವೆಂದಳು, ಗಡಿಯಾರ ನೋಡಿದಳು, ಸೀರೆ ಬದಲಿಸಲು ಒಳಗೆ ಹೋದಳು.

“ಏಣಿ ಹಿಡ್ಕೊಳ್ಳಿ ಸಾರ್. ತಲೆ ಸುತ್ತು ಬರ್ತಿದೆ.”

ಅವನು ಹಿಡಿದುಕೊಂಡ. ಕಣ್ಣಿನ ಮಟ್ಟಕ್ಕೆ ಲೈಟಿನವನ ಬರಿಗಾಲು, ಒಡೆದ ಹಿಮ್ಮಡಿ. ಚಿತ್ರ ಮತ್ತೆ ಬಂತು: ಏಣಿಯ ಕಾಲನ್ನು ಒಂದಿಷ್ಟು ಎಳೆದರೆ ಸಾಕು. ಈ ಸಲ ಚಿತ್ರ ಹೋಗಲಿಲ್ಲ. ನಿಂತು ಕಾಯಿತು, ಬಸ್ಸಿಗೆ ಕಾಯುವವರ ಹಾಗೆ. ಅವನ ಹಿಡಿತ ಬಿಗಿಯಾಯಿತು. ಬೀಳಿಸುವುದಕ್ಕೋ ಬೀಳದಿರಲೆಂದೋ ಅವನಿಗೇ ತಿಳಿಯಲಿಲ್ಲ.

ಮೇಲಿನಿಂದ, ಕೆಳಗೆ ನೋಡದೆಯೇ, ಲೈಟಿನವನು ಕೇಳಿದ: “ಸಾರ್, ಮೇಡಂ ಹೇಳಿದ್ದಕ್ಕೆ ಹೂಂ ಅಂದೆ. ಅದಿರ್ಲಿ. ಯಾಕೆ ಹೊಡೆದ್ರಿ, ಅದೊಂದು ಹೇಳಿ.”

“ನೀವು…” ಎಂದು ಅವನು ಶುರುಮಾಡಿ ನಿಲ್ಲಿಸಿದ. ಬೆಳಿಗ್ಗೆಯಿಂದ ‘ನೀನು’ ಎನ್ನುತ್ತಿದ್ದವನಿಗೆ ಹೊಡೆದ ಮೇಲೆ ಬಹುವಚನ ಬಂದಿತ್ತು. “ಗೊತ್ತಿಲ್ಲ.”

“ನಕ್ಕಿದ್ದಕ್ಕಾ?”

“ಅಲ್ಲ. ಅದೂ ಇರಬಹುದು. ಗೊತ್ತಿಲ್ಲ.”

“ನಮ್ಮಪ್ಪಾನೂ ಹೊಡೀತಿದ್ದ. ಆದ್ರೆ ಕಾರಣ ಹೇಳಿ ಹೊಡೀತಿದ್ದ,” ಎಂದ ಲೈಟಿನವನು. ಸ್ವಲ್ಪ ಹೊತ್ತು ತಿರುಪು ತಿರುಗುವ ಸದ್ದು. “ಗೊತ್ತಿಲ್ದೆ ಹೊಡೆಯೋರು ಇನ್ನೊಂದ್ಸಲಾನೂ ಹೊಡೀತಾರೆ ಸಾರ್. ಮೇಡಂ ಇಂದ ಸ್ವಲ್ಪ ದೂರ ಇರಿ.”

ಒಳಗಿನ ಕೋಣೆಯಲ್ಲಿ ಕಪಾಟಿನ ಬಾಗಿಲು ಮುಚ್ಚಿಕೊಂಡಿತು. ಅವಳು ಕೇಳಿಸಿಕೊಂಡಳೋ ಇಲ್ಲವೋ.

ನಾಲ್ಕೂವರೆಗೆ ಕೊನೆಯ ತುದಿಗೂ ವೈರು ಬಂತು. ಉಳಿದದ್ದು ಹತ್ತನೆಯ ಪಟ್ಟಿ. ಬೇರೊಂದು ತರಲು ವೇಳೆ ಇರಲಿಲ್ಲ. ಲೈಟಿನವನು ಅದನ್ನು ಮಂಡಿಯ ಮೇಲಿಟ್ಟು ಒತ್ತಿ ನೇರ ಮಾಡಿದ, ಹತ್ತಿದ್ದ ರಕ್ತವನ್ನು ಅಂಗಿಯ ತುದಿಯಿಂದ ಒರೆಸಿದ. ಆದರೂ ಒಂದಿಷ್ಟು ಡೊಂಕು ಉಳಿಯಿತು. ಕ್ಲಿಪ್ಪಿಗೆ ಕೂರಲಿಲ್ಲ, ಒಂದು ಕಡೆ ಒತ್ತಿದರೆ ಇನ್ನೊಂದು ಕಡೆ ಎಗರಿ ಬರುತ್ತಿತ್ತು. ಕೊನೆಗೆ ದೀಪದ ತುದಿಯನ್ನು ಅದರೊಳಗೆ ಕೂರಿಸಿ, ಬೆನ್ನಿಗೆ ಅಂಟು ಬಳಿದು ಎರಡೂ ಕೈಯಿಂದ ಸೂರಿಗೆ ಒತ್ತಿ ಹಿಡಿದು ನಿಂತ.

ನಿಂತವನು ಮೆಲ್ಲಗೆ ಎಡಕ್ಕೆ ವಾಲಿದ. ಟವೆಲ್ ತೊಯ್ದು ತೊಟ್ಟಿಕ್ಕುತ್ತಿತ್ತು.

“ಹೊಲಿಗೆ ಹಾಕಿಸಲೇಬೇಕು,” ಎಂದಳು ಹೊಸ ಸೀರೆಯಲ್ಲಿ ಬಂದ ಹೆಂಡತಿ, ಕಾರಿನ ಕೀಲಿ ಎತ್ತಿಕೊಂಡು. “ಈ ಬೀದಿಯ ಕ್ಲಿನಿಕ್ ಬೇಡ, ಗುರುತಿನವರಿದಾರೆ. ಮಾರ್ಕೆಟ್ ಹತ್ರದ್ದಕ್ಕೆ ಹೋಗೋಣ.”

“ಬಿಟ್ರೆ ಇದು ಬೀಳುತ್ತೆ ಮೇಡಂ. ಸಾರ್, ನೀವು ಮೇಲೆ ಬನ್ನಿ.”

ಇಬ್ಬರೂ ಒಂದೇ ಏಣಿಯ ಮೇಲೆ ಒಂದು ಗಳಿಗೆ ಮೈಗೆ ಮೈ ತಾಗಿಸಿಕೊಂಡು ನಿಂತರು. ಬೆವರು, ರಕ್ತ, ಅಂಟಿನ ವಾಸನೆ. ಲೈಟಿನವನು ಅವನ ಎರಡೂ ಕೈ ಹಿಡಿದು, ಮಗುವಿಗೆ ಅಕ್ಷರ ತಿದ್ದಿಸುವ ಹಾಗೆ, ಪಟ್ಟಿಯ ಎರಡು ಕಡೆ ಇರಿಸಿದ.

“ಹೀಗೇ ಒತ್ತಿ ಹಿಡ್ಕೊಳ್ಳಿ. ಒಂದು ಗಂಟೆ ಅಲ್ಲಾಡಿಸಬೇಡಿ.”

“ಬಿಡಬೇಡಿ ಮತ್ತೆ,” ಎಂದಳು ಹೆಂಡತಿ ಬಾಗಿಲಲ್ಲಿ. ಇನ್ನೇನೋ ಹೇಳುವವಳಂತೆ ನಿಂತಳು. ಅವನ ಮುಖವನ್ನಲ್ಲ, ಕೈಗಳನ್ನು ನೋಡಿದಳು. ಹೊರಟುಹೋದಳು.

ಲಿಫ್ಟಿನ ಸದ್ದು ಕೆಳಗಿಳಿಯಿತು.

ಮೊದಲು ಬೆರಳುಗಳು ಮರಗಟ್ಟಿದವು, ಆಮೇಲೆ ಮೊಣಕೈ, ಆಮೇಲೆ ಭುಜ. ಅವನು ಪಟ್ಟಿ ಬೀಸಿದ್ದು ಇದೇ ಭುಜದಿಂದ. ಅಂಗೈಗಳ ಕೆಳಗೆ ಡೊಂಕು ಹೊರಬರಲು ಮಿಡಿಯುತ್ತಿತ್ತು. ಕೈ ಬಿಟ್ಟರೆ ಬೀಳುತ್ತದೆ. ಬಿದ್ದರೆ ಹೆಂಡತಿ ಹೇಳಿದ್ದು ನಿಜವಾಗುತ್ತದೆ: ಪಟ್ಟಿ ಮೇಲಿನಿಂದ ಬಿತ್ತು, ಕ್ಲಿಪ್ಪು ಸರಿಯಾಗಿ ಕೂತಿರಲಿಲ್ಲ. ಒಂದೇ ಒಂದು ಬೆರಳು ಸಡಿಲಿಸಿದರೂ ಸಾಕು. ಅವನು ಸಡಿಲಿಸಲಿಲ್ಲ. ಇದು ಪ್ರಾಮಾಣಿಕತೆಯೋ, ಬಿಡಬೇಡಿ ಎಂದು ಹೆಂಡತಿ ಹೇಳಿದ್ದಕ್ಕೆ ಬಗ್ಗಿದ್ದೋ ಎಂದು ಯೋಚಿಸಿದ. ಎರಡಕ್ಕೂ ಅಂತರ ಕಾಣಲಿಲ್ಲ.

ಕಿಟಕಿಯಾಚೆ ಹೊತ್ತು ಇಳಿಯಿತು. ಕೋಣೆ ಬೂದಿಬಣ್ಣಕ್ಕೆ ತಿರುಗಿತು.

ಆಗ, ಯಾರೂ ಮುಟ್ಟದೆಯೇ, ದೀಪ ಹೊತ್ತಿಕೊಂಡಿತು. ಕ್ಲಿನಿಕ್ಕಿನ ಬೆಂಚಿನ ಮೇಲೆ ಕುಳಿತು ಹೆಂಡತಿ ಫೋನಿನ ಮೇಲೆ ಬೆರಳು ಸವರಿರಬೇಕು. ಗೋಡೆಗುಂಟ ಒಂದೇ ಸಮನೆ ಬಂಗಾರ. ಕೊನೆಯ ಮೀಟರಿನಲ್ಲೂ ಎಳ್ಳಷ್ಟು ಕೊರತೆಯಿಲ್ಲ. ಗೇಣು ದೂರದಿಂದ ಅದು ಅವನ ಮುಖದ ಮೇಲೆ ಬಿತ್ತು. ಕಣ್ಣು ಮುಚ್ಚಿದರೆ ರೆಪ್ಪೆಯೊಳಗೆ ಕೆಂಪು, ತೆರೆದರೆ ಏನೂ ಕಾಣಿಸದು.

ಕರೆಗಂಟೆ ಸದ್ದು ಮಾಡಿತು. ಹೊರಗೆ ನಾಲ್ಕಾರು ಜನರ ಚಪ್ಪಲಿಯ ಸದ್ದು, ನಗು, ಉಡುಗೊರೆಯ ಕಾಗದದ ಪರಪರ.

“ಇನ್ನೂ ರೆಡಿಯಾಗಿಲ್ಲ ಅಂತ ಕಾಣುತ್ತೆ.”

“ಇಲ್ಲ ಇಲ್ಲ, ಬಾಗಿಲ ಸಂದೀಲಿ ಬೆಳಕು ಕಾಣುತ್ತೆ ನೋಡಿ. ಒಳಗೆ ಯಾರೋ ಇದಾರೆ.”

ಹಿಡಿಕೆಯನ್ನು ಯಾರೋ ತಿರುಗಿಸಿ ನೋಡಿದರು. ಹೆಂಡತಿ ಅವಸರದಲ್ಲಿ ಬೀಗ ಹಾಕಿರಲಿಲ್ಲ. ಬಾಗಿಲು ಸರಿಯತೊಡಗಿತು.

ಅವನು ಬಾಗಿಲಿನ ಎದುರಿಗೇ, ಏಣಿಯ ಮೇಲೆ, ಪೂರ್ತಿ ಬೆಳಕಿನಲ್ಲಿ, ಎರಡೂ ಕೈ ಮೇಲೆತ್ತಿಕೊಂಡು ನಿಂತಿದ್ದ.