ಹೋಗ್ಲಿ ಬಿಡು ಅಂದದ್ದಕ್ಕೆ

ನಿಶ್ಮಿತಾ ಪಾಸೋ ಫೇಲೋ ಎಂದು ಕಾಶಿನಾಥ ಭಾನುವಾರ ಸಂಜೆ ಆರರೊಳಗೆ ತಿಳಿಸಬೇಕಿತ್ತು. ಹುಡುಗಿಯೋ ಒಂಬತ್ತು ದಿನದಿಂದ ಪತ್ತೆಯಿಲ್ಲ. ಹೇಳದೆ ಕೇಳದೆ ಕೆಲಸದ ಗ್ರೂಪಿನಿಂದ ಹೊರಬಿದ್ದಿದ್ದಳು. ನಿಯಮದ ಪ್ರಕಾರ ಹಾಗೆ ಮಾಯವಾದ ವಿದ್ಯಾರ್ಥಿ ಫೇಲು; ಇನ್ನೊಮ್ಮೆ ಅರ್ಜಿ ಹಾಕುವ ಹಾಗೂ ಇಲ್ಲ.

ಕಾಶಿನಾಥ ಮುಂಬೈಯ ವಿಕ್ರೋಳಿಯ ಕಾರ್ಖಾನೆಯೊಂದರಲ್ಲಿ ಕಂಪ್ಯೂಟರ್ ಹೇಳಿದಂತೆ ಲೋಹ ಕೊರೆಯುವ ಯಂತ್ರ ನೋಡಿಕೊಳ್ಳುವವನು. ಯಂತ್ರಕ್ಕೆ ಸೂಚನೆ ಬರೆಯುತ್ತ ಬರೆಯುತ್ತಲೇ ಪ್ರೋಗ್ರಾಮ್ ಬರೆಯುವುದನ್ನೂ ಕಲಿತಿದ್ದ. ಅವನ ಅವ್ವ ಹಾಲವ್ವನ ಕಣ್ಣು ಮಂಜಾದಾಗ, ಫೋನಿಗೆ ಬಂದ ಕನ್ನಡ ಸಂದೇಶಗಳನ್ನು ಗಟ್ಟಿಯಾಗಿ ಓದಿ ಹೇಳುವ ‘ಓದುದನಿ’ ಎಂಬುದನ್ನು ಕಟ್ಟಿದ. ಅದು ಓಪನ್ ಸೋರ್ಸ್. ಒಳಗಿನ ಕೋಡನ್ನೆಲ್ಲ ಇಂಟರ್ನೆಟ್ಟಿನಲ್ಲಿ ಬಿಚ್ಚಿಟ್ಟಿದ್ದ. ಯಾರು ಬೇಕಾದರೂ ನೋಡಬಹುದು, ತಿದ್ದಬಹುದು. ಇಂಥ ಕೆಲಸಗಳಿಗೆ ರಜೆಯಲ್ಲಿ ಕಾಲೇಜು ಮಕ್ಕಳನ್ನು ಜೋಡಿಸಿಕೊಡುವ ಹೊರದೇಶದ ಸಂಸ್ಥೆಯೊಂದಿತ್ತು. ಈ ಸಲ ಅವನ ಪಾಲಿಗೆ ಬಂದವಳೇ ನಿಶ್ಮಿತಾ. ಅಪ್ಪ ಉಡುಪಿ ಕಡೆಯವರು. ಅವಳು ಹುಟ್ಟಿ ಬೆಳೆದದ್ದೆಲ್ಲ ಘಾಟ್ಕೋಪರಿನಲ್ಲಿ.

ಕಾಶಿನಾಥನದು ಒಂದೇ ಹಟ. “ಕನ್ನಡ ಓದೋ ಪ್ರೋಗ್ರಾಮ್ ಇದು. ನಮ್ಮ ಮಾತೂ ಕನ್ನಡದಾಗ ಇರಬೇಕು.” ಹುಡುಗಿ ಹೂಂ ಅಂದಿದ್ದಳು.

ಒಂದು ತಿಂಗಳಾದ ಮೇಲೆ ಅವಳು ಉಚ್ಚಾರದ ಭಾಗ ಬರೆದು ಕಳಿಸಿದಳು. ಕಾಶಿನಾಥ ಅದನ್ನು ಅವ್ವನ ಫೋನಿಗೆ ಹಾಕಿದ. ಊರಿಂದ ಬಂದಿದ್ದ “ಹಾಲವ್ವ, ಮನೆ ಮುಂದಿನ ಮರ ಬಿತ್ತು” ಎಂಬುದನ್ನು ಫೋನು, “ಹಾಲವ್ವ್, ಮನೆ ಮುಂದಿನ್ ಮರ್ ಬಿತ್ತು” ಎಂದು ಓದಿತು.

“ಯಾಂವಲೇ ನನ್ನ ಹೆಸರಿನ ಬಾಲ ಕತ್ತರಿಸಿದಾಂವ?” ಹಾಲವ್ವ ಬಿದ್ದು ಬಿದ್ದು ನಕ್ಕಳು. “ಮ್ಯಾಲ ಮರ್, ಮರ್ ಅಂತೈತಿ. ಮುದುಕಿಗೆ ಹಿಂದ್ಯಾಗ ಸಾಯಿ ಅನ್ನಾಕತ್ತೈತೇನು?”

ಕಾಶಿನಾಥನಿಗೆ ತಟ್ಟನೆ ಹೊಳೆಯಿತು. ಹಿಂದಿ, ಮರಾಠಿಯಲ್ಲಿ ಪದದ ಕೊನೆಯ ‘ಅ’ ಬರೆಯುತ್ತಾರೆ, ನುಡಿಯುವುದಿಲ್ಲ. ಮುಂಬೈಯಲ್ಲಿ ಬೆಳೆದ ಕಿವಿ, ಕನ್ನಡವೂ ಹಾಗೆಯೇ ಎಂದುಕೊಂಡಿದೆ. ಅವನು ತಪ್ಪುಗಳ ಉದ್ದದ ಪಟ್ಟಿ ಮಾಡಿ, ಅವ್ವ ಅಂದದ್ದನ್ನೂ ಬರೆದು ಕಳಿಸಿದ. ಓದಿ ಮಗು ಮುಖ ಸಣ್ಣದು ಮಾಡಿಕೊಂಡೀತೆಂದು ಕೊನೆಗೆ “ಹೋಗ್ಲಿ ಬಿಡು” ಎಂದೂ ಸೇರಿಸಿದ. ಅವತ್ತೇ ಅವಳು ಮಾಯ. ಇಷ್ಟಕ್ಕೇ ಇಷ್ಟು ಸಿಟ್ಟೇ ಎಂದು ಅವನಿಗೂ ಬೇಜಾರಾಗಿತ್ತು.

ಭಾನುವಾರ ಮಧ್ಯಾಹ್ನ ಉಂಡು ಲ್ಯಾಪ್‌ಟಾಪ್ ತೆರೆದು ಕೂತವನನ್ನು ಹಾಲವ್ವ ಕೇಳಿದಳು, “ಹುಡುಗಿ ಮಾರಿ ಒಮ್ಮೆರೆ ನೋಡೀಯೇನು?”

“ಇಲ್ಲವಾ. ಎಲ್ಲಾ ಫೋನಿನ್ಯಾಗ.”

“ಎಲ್ಲಿ ಇರ್ತಾಳ?”

“ಘಾಟ್ಕೋಪರ್.”

“ಇಲ್ಲಿಂದ ಒಂದ ಸ್ಟೇಷನ್ನು! ಇಲ್ಲೇ ಕುಂತು ಫೇಲ್ ಮಾಡ್ತಿ? ಏಳು, ಅಂಗಿ ಹಾಕ್ಕೋ.”

ನಿಶ್ಮಿತಾಳ ಅಪ್ಪನ ಹೋಟೆಲಿನ ಹೆಸರು ಅವಳ ಅರ್ಜಿಯಲ್ಲಿತ್ತು. ಸ್ಟೇಷನ್ನಿಂದ ಐದು ನಿಮಿಷ. ಕಾಶಿನಾಥ ತನ್ನ ಹೆಸರು ಹೇಳಿದ್ದೇ ಕೌಂಟರಿನಲ್ಲಿದ್ದ ಅವಳಪ್ಪ ಸೀನಣ್ಣ ಎದ್ದು ನಿಂತರು.

“ಕಾಶಿನಾಥ್ ಸರ್ ಅಂದ್ರೆ ನೀವಾ ಮಾರಾಯ್ರೆ! ನಮ್ಮ ಹುಡುಗಿ ಅಂಥದ್ದೇನು ತಪ್ಪು ಮಾಡಿದ್ಳು ಅಂತ ತೆಗೆದುಹಾಕಿದ್ದು?”

“ನಾನು? ತೆಗೆದುಹಾಕಿದ್ನಾ?”

ಸೀನಣ್ಣ ಕೂಗಿದ್ದಕ್ಕೆ ಒಳಗಿನಿಂದ ನಿಶ್ಮಿತಾ ಬಂದಳು. ಅವನನ್ನು ಕಂಡು ಗೋಡೆಗೆ ಒತ್ತಿ ನಿಂತಳು. ಆಮೇಲೆ ಮೆಲ್ಲಗೆ ಫೋನು ತೋರಿಸಿದಳು.

“ಸರ್, ನೀವೇ ಬರ್ದಿದ್ದು... ಹೋಗ್ಲಿ, ಬಿಡು. ಮತ್ಲಬ್, ಚಲೀ ಜಾಓ, ಛೋಡ್ ದೋ. ಹೋಗು, ಪ್ರಾಜೆಕ್ಟ್ ಬಿಡು ಅಂತ ಅಲ್ವಾ?”

ಸೀನಣ್ಣ ಫೋನು ಕಿತ್ತುಕೊಂಡು ಓದಿ ಹಣೆ ಬಡಿದುಕೊಂಡರು. “ಅಯ್ಯೋ ಪೆದ್ದಿ! ಬೇಜಾರು ಮಾಡ್ಬೇಡ ಅಂತ ಅದು! ನನ್ನತ್ರ ಒಂದು ಮಾತು ಕೇಳ್ಲಿಕ್ಕೆ ಆಗ್ಲಿಲ್ವಾ ನಿಂಗೆ?”

“ಶರಮ್... ನಾಚಿಕೆ ಆಯ್ತು ಪಪ್ಪ.”

ಕಾಶಿನಾಥನಿಗೆ ನಗು ಬರಲಿಲ್ಲ. ಹಿಂದಿಯಲ್ಲಿ ಕೇಳಲು ಬಿಟ್ಟಿದ್ದರೆ ಅವಳು ಅವತ್ತೇ ಕೇಳುತ್ತಿದ್ದಳು. ಬಾಗಿಲು ಹಾಕಿದವನು ತಾನೇ.

“ತಪ್ಪು ನಂದ ತಂಗಿ,” ಅಂದ. “ನಾಳಿಂದ ವಾಪಸ್ ಬಾ. ಆ ಕೆಲಸ ಮತ್ತ ಸುರು ಮಾಡೋಣು.”

“ಅದು... ಆಗಿದೆ ಸರ್.”

ಅವಳು ಲ್ಯಾಪ್‌ಟಾಪ್ ತಂದು ಮೂಲೆಯ ಟೇಬಲ್ಲಿನ ಮೇಲಿಟ್ಟಳು. ಅಡುಗೆಮನೆಯ ಭಟ್ಟರಿಂದ ಹಿಡಿದು, ಎದುರಿನ ಬಿಲ್ಡಿಂಗಿನಲ್ಲಿ ಗಾರೆ ಕೆಲಸ ಮಾಡುವ ಕಲಬುರಗಿಯ ಹೆಂಗಸರವರೆಗೆ ಹನ್ನೊಂದು ಜನರನ್ನು ಹಿಡಿದು ಕೂರಿಸಿ, ನಾನೂರು ಪದ ಹೇಳಿಸಿ ರೆಕಾರ್ಡ್ ಮಾಡಿದ್ದಳು. ಅದನ್ನು ಕೇಳಿ ಕೇಳಿ ಕೋಡು ತಿದ್ದಿದ್ದಳು. ಕಾಶಿನಾಥ ಹತ್ತು ಸಾಲು ಹಾಕಿ ನೋಡಿದ. ಒಂದು ಪದದ ತುದಿಯೂ ಬಿದ್ದಿರಲಿಲ್ಲ. ಓದುದನಿ ಕಟ್ಟಿದ ಮೂರು ವರ್ಷದಲ್ಲಿ ಅವನು ಒಬ್ಬರ ಬಾಯಿಂದಲೂ ಹೀಗೆ ಹೇಳಿಸಿ ಕೇಳಿರಲಿಲ್ಲ. ತನ್ನ ಊರಿನ ಮಾತೇ ಕನ್ನಡ ಎಂದುಕೊಂಡಿದ್ದ.

“ತೆಗೆದುಹಾಕ್ಯಾರ ಅಂತ ತಿಳಕೊಂಡೂ ಇಷ್ಟೆಲ್ಲಾ ಯಾಕ ಮಾಡಿದಿ?”

“ಯಾರೂ ತಿದ್ದಬಹುದು ಅಂತ ನೀವೇ ಹೇಳಿದ್ರಿ ನ, ಸರ್? ನಿಕಾಲಾ ಹುವಾ, ತೆಗೆದುಹಾಕಿದ ಆದ್ಮಿ ಕೂಡ ತಿದ್ದಬಹುದು ಅಲ್ವಾ?” ಅವಳು ಕಣ್ಣೊರೆಸಿಕೊಂಡು ನಕ್ಕಳು. “ಮತ್ತೆ ಅಜ್ಜಿಗೆ ಅದು ರೋಜ್ ರೋಜ್ ಮರ್ ಅನ್ನೋದು ಅಚ್ಛಾ ಅಲ್ಲ.”

ಸೀನಣ್ಣ ಚಹಾ ತಂದಿಟ್ಟರು. ಅದನ್ನು ಮುಟ್ಟದೆ ಕಾಶಿನಾಥ ಅಲ್ಲೇ ಸಂಸ್ಥೆಯ ಫಾರಂ ತೆರೆದ. “ವಿದ್ಯಾರ್ಥಿಯ ಬಗ್ಗೆ ನಿಮ್ಮ ಮಾತು” ಎಂಬ ಜಾಗದಲ್ಲಿ ಒಂದೊಂದೇ ಅಕ್ಷರ ಕುಟ್ಟಿದ: “ಕಲಿಸುತ್ತೇನೆ ಎಂದು ಕೂತವನು ನಾನು. ಈ ಹುಡುಗಿ ನನಗಿಂತ ಚೆನ್ನಾಗಿ ಕಿವಿಗೊಟ್ಟು ಕೇಳಿದಳು. ಇವಳನ್ನು ನಮ್ಮಲ್ಲಿಗೆ ಕಳಿಸಿದ್ದಕ್ಕೆ ನಿಮಗೆ ಕೈಮುಗಿಯುತ್ತೇನೆ.”

ಹಿಂದೆ ನಿಂತು ಓದುತ್ತಿದ್ದ ಸೀನಣ್ಣ ಮಗಳ ತಲೆ ಸವರಿದರು. ಆದರೂ ಅನುಮಾನ ಬಿಡಲಿಲ್ಲ. “ಅಲ್ಲ ಮಾರಾಯ್ರೆ, ಹೊರದೇಶದವರಿಗೆ ಕನ್ನಡದಲ್ಲಿ ಬರೆದ್ರೆ ತಿಳೀತದಾ?”

“ತಿಳೀಲಿಲ್ಲಂದ್ರ ಕೇಳ್ತಾರ ಬಿಡ್ರಿ,” ಎಂದು ಕಾಶಿನಾಥ ‘ಪಾಸ್’ ಒತ್ತಿದ.